ಸಂಪು ತೊಳೆಸಿದ್ದು ಯಾವಾಗ?

ಪ್ರಶ್ನೆ: ನಾವು ವಿಜಯನಗರದಲ್ಲಿ ಸ್ವಂತ ಮನೆಯಲ್ಲಿದ್ದೇವೆ. ಪತಿ ಮತ್ತು ನಾನು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ; ಜೊತೆಗೆ ಅತ್ತೆಯವರು, ಏಳನೇ ತರಗತಿಯ ಮಗ. ದಿನನಿತ್ಯದ ಕೆಲಸ ಹೇಗೋ ಸಾಗುತ್ತದೆ, ಆದರೆ ಆಗೊಮ್ಮೆ ಈಗೊಮ್ಮೆ ಬರುವ ಕೆಲಸಗಳು ತಪ್ಪುತ್ತಲೇ ಇವೆ. ಈ ವರ್ಷ ಆಸ್ತಿ ತೆರಿಗೆಯ ರಿಯಾಯಿತಿ ಕೈತಪ್ಪಿತು. ಸ್ಕೂಟರಿನ ವಿಮೆ ಮುಗಿದದ್ದು 20 ದಿನಗಳ ನಂತರ, ಮೊನ್ನೆ ಗೊತ್ತಾಯಿತು. ಸಂಪು ತೊಳೆಸಿದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಮೊಬೈಲಿನಲ್ಲಿ ಐವತ್ತು ರಿಮೈಂಡರ್ ಹಾಕಿಕೊಂಡೆ. ಈಗ ಅವನ್ನು ಓದದೆಯೇ ಸರಿಸಿಬಿಡುತ್ತೇನೆ. ನನ್ನಲ್ಲಿ ಶಿಸ್ತಿಲ್ಲವೇ?

ಉತ್ತರ: ಮೊದಲು ತುರ್ತಿನ ಮಾತು. ವಿಮೆ ಮುಗಿದ 90 ದಿನಗಳೊಳಗೆ ನವೀಕರಿಸಿದರೆ ನೀವು ಗಳಿಸಿರುವ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗಾಗಿ ಕಂತಿನಲ್ಲಿ ಸಿಗುವ ರಿಯಾಯಿತಿ) ಉಳಿಯುತ್ತದೆ, ಆದ್ದರಿಂದ ಇಂದೇ ಆ ಕೆಲಸ ಮುಗಿಸಿ. ಅಲ್ಲಿಯವರೆಗೆ ಸ್ಕೂಟರನ್ನು ರಸ್ತೆಗೆ ಇಳಿಸಬೇಡಿ. ಥರ್ಡ್ ಪಾರ್ಟಿ ವಿಮೆಯಿಲ್ಲದೆ ವಾಹನ ಓಡಿಸುವುದು ಅಪರಾಧ. ಅಪಘಾತವಾದರೆ ಪರಿಹಾರದ ಹೊಣೆಯೂ ನಿಮ್ಮ ಮೇಲೆಯೇ ಬೀಳಬಹುದು.

ಶಿಸ್ತಿನ ಕೊರತೆ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಎರಡು ಬೇರೆ ಜಾತಿಯ ಕೆಲಸಗಳನ್ನು ಒಂದೇ ಪಟ್ಟಿಯಲ್ಲಿ ಕಲಸಿದ್ದೀರಿ, ತೊಡಕು ಅಲ್ಲಿದೆ. ಆಸ್ತಿ ತೆರಿಗೆ, ವಿಮೆ, ಆದಾಯ ತೆರಿಗೆ ರಿಟರ್ನ್, ಅತ್ತೆಯವರಿಗೆ ಪಿಂಚಣಿ ಬರುತ್ತಿದ್ದರೆ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರ, ಇವುಗಳಿಗೆಲ್ಲ ಹೊರಗಿನವರು ಇಟ್ಟ ಗಡುವು ಇದೆ. ಇಡೀ ವರ್ಷದ ಆಸ್ತಿ ತೆರಿಗೆಯನ್ನು ಏಪ್ರಿಲ್ 30ರೊಳಗೆ ಕಟ್ಟಿದರೆ ಶೇಕಡಾ 5ರಷ್ಟು ರಿಯಾಯಿತಿ ಸಿಗುತ್ತದೆ; ಕೆಲವು ವರ್ಷ ಆ ಗಡುವನ್ನು ವಿಸ್ತರಿಸಿದ್ದುಂಟು, ಆದರೆ ಅದನ್ನೇ ನಂಬಿಕೊಂಡು ಕೂರುವಂತಿಲ್ಲ. ಇಂಥ ಕೆಲಸಗಳು ಒಂದು ಮನೆಗೆ ವರ್ಷಕ್ಕೆ ಹತ್ತು ಹನ್ನೆರಡು ಇರಬಹುದು. ರಿಮೈಂಡರ್ ಇವುಗಳಿಗಷ್ಟೇ ಇರಲಿ, ಅದೂ ಗಡುವಿನ ದಿನಕ್ಕಲ್ಲ, ಎರಡು ವಾರ ಮೊದಲಿಗೆ. ಉಳಿದವನ್ನೆಲ್ಲ ಮೊಬೈಲಿನಿಂದ ಅಳಿಸಿಬಿಡಿ.

ಸಂಪು, ಓವರ್‌ಹೆಡ್ ಟ್ಯಾಂಕ್, ಗೀಸರ್, ನೀರಿನ ಫಿಲ್ಟರು, ಫ್ಯಾನಿನ ಧೂಳು ಇವೆಲ್ಲ ಎರಡನೆಯ ಜಾತಿಯವು. ಇವುಗಳಿಗೆ ಗಡುವಿಲ್ಲ, ಅಂತರವಿದೆ. ಆ ಅಂತರವನ್ನು ಎಣಿಸಬೇಕಾದದ್ದು ಹಿಂದಿನ ಸಲ ಮಾಡಿದ ದಿನದಿಂದ. ಆದ್ದರಿಂದ ಮುಂದೆ ಯಾವಾಗ ಮಾಡಬೇಕು ಎಂಬುದಕ್ಕಿಂತ ಕೊನೆಯದಾಗಿ ಯಾವಾಗ ಮಾಡಿದೆವು ಎಂದು ಬರೆದಿಡುವುದು ಮುಖ್ಯ. ನಿಗದಿಯಾದ ಭಾನುವಾರ ನೆಂಟರು ಬಂದು ಫಿಲ್ಟರಿನ ಕೆಲಸ ನಿಂತರೆ ರಿಮೈಂಡರ್ ಕೆಂಪಗಾಗಿ ಉಳಿಯುತ್ತದೆ. ಹಾಗೆ ಉಳಿದದ್ದು ಹತ್ತಾದಾಗ ಮನಸ್ಸು ಅವನ್ನು ನೋಡುವುದನ್ನೇ ಬಿಡುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇವೆ. ಎಡಗಡೆ ವಸ್ತುವಿನ ಹೆಸರು, ಅದರ ಮುಂದೆ ಪೆನ್ಸಿಲಿನಲ್ಲಿ ತಾರೀಖುಗಳ ಸಾಲು, ಅಷ್ಟೇ. ಪೆನ್ಸಿಲನ್ನು ದಾರ ಕಟ್ಟಿ ಅಲ್ಲೇ ತೂಗುಹಾಕಿದ್ದೇವೆ, ಏಕೆಂದರೆ ಪೆನ್ಸಿಲು ಹುಡುಕಬೇಕಾಗಿ ಬಂದರೆ ಯಾರೂ ಬರೆಯುವುದಿಲ್ಲ. ಗ್ಯಾಸಿನ ಸುರಕ್ಷಾ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಇಷ್ಟು ದೀರ್ಘ ಅಂತರವನ್ನು ಯಾರ ನೆನಪೂ ಹಿಡಿದಿಡಲಾರದು, ಆ ಹಾಳೆ ಹಿಡಿದಿಡುತ್ತದೆ.

ಆರು ತಿಂಗಳಿಗೊಮ್ಮೆ ಮಾಡುವ ಕೆಲಸಗಳಿಗೆ ನಿಮ್ಮ ಅತ್ತೆಯವರ ಪಂಚಾಂಗಕ್ಕಿಂತ ಒಳ್ಳೆಯ ಸಾಧನ ನನಗೆ ತಿಳಿದಿಲ್ಲ. ಯುಗಾದಿ ಚೈತ್ರ ಶುದ್ಧ ಪಾಡ್ಯ, ನವರಾತ್ರಿ ಆರಂಭವಾಗುವುದು ಆಶ್ವಯುಜ ಶುದ್ಧ ಪಾಡ್ಯ. ನಡುವೆ ಅಧಿಕ ಮಾಸ ಬೀಳದಿದ್ದರೆ ಸರಿಯಾಗಿ ಆರು ತಿಂಗಳು. ಈ ಎರಡೂ ಹಬ್ಬಗಳಿಗೆ ಹೇಗೂ ಮನೆ ತೊಳೆಯುತ್ತೇವೆ, ಆಯುಧ ಪೂಜೆಗೆ ಸ್ಕೂಟರನ್ನೂ ಹೊರಗೆ ನಿಲ್ಲಿಸಿ ಉಜ್ಜುತ್ತೇವೆ. ಸಂಪು ಮತ್ತು ಟ್ಯಾಂಕನ್ನು ಹಬ್ಬಕ್ಕೆ ಹಿಂದಿನ ವಾರಕ್ಕೆ ಕಟ್ಟಿಹಾಕಿ. ಕಾವೇರಿ ನೀರು ಬರುವ ಹಿಂದಿನ ದಿನ ಸಂಪು ತಳ ಕಂಡಿರುತ್ತದೆ. ಆ ದಿನ ತೊಳೆಸಿದರೆ ನೀರು ಪೋಲಾಗುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ: ಬಹುಕಾಲ ಮುಚ್ಚಿದ್ದ ಸಂಪಿನೊಳಗೆ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕ ಇಲ್ಲದಿರಬಹುದು. ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟರಷ್ಟೇ ಸಾಲದು. ಆಳದ ಸಂಪಾಗಿದ್ದರೆ ಯಾರನ್ನೂ ಒಳಗಿಳಿಸದೆ ಯಂತ್ರದಿಂದ ತೊಳೆಯುವವರನ್ನೇ ಕರೆಸಿ.

ವಾರದ ಕೆಲಸಗಳಲ್ಲಿ ಒಂದನ್ನು ಮಾತ್ರ ಮುಂದೂಡಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದುದರಿಂದ ಹೂಕುಂಡದ ತಟ್ಟೆ, ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ ಇವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಲೇಬೇಕು, ಹದಿನೈದು ದಿನಕ್ಕೊಮ್ಮೆ ಎಂದರೆ ತಡವಾಯಿತು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆಯಾದ್ದರಿಂದ ನಾರಿನಿಂದ ಉಜ್ಜಿ ತೊಳೆಯಬೇಕು. ಈ ಕೆಲಸವನ್ನು ಕಾರಣ ಹೇಳಿ ಮಗನಿಗೆ ವಹಿಸಿ. ಏಳನೇ ತರಗತಿಯ ಹುಡುಗ ಇದನ್ನು ಆಸಕ್ತಿಯಿಂದಲೇ ಮಾಡಬಲ್ಲ.

ಪತ್ರದುದ್ದಕ್ಕೂ ನೆನಪಿಟ್ಟುಕೊಳ್ಳುವವರು ನೀವೊಬ್ಬರೇ ಎಂಬುದು ನನ್ನನ್ನು ಹೆಚ್ಚು ಕಾಡಿತು. ಪತಿಗೆ ಹೇಳಿದರೆ ಅವರು ಮಾಡುತ್ತಿರಬಹುದು, ಆದರೆ ಹೇಳುವುದೂ ಒಂದು ಕೆಲಸ, ಮತ್ತು ಆಯಾಸದ ಕೆಲಸ. ಹಾಗಾಗಿ ಹಂಚುವಾಗ ಇಡಿಯಾಗಿ ಹಂಚಿಕೊಳ್ಳಿ: ವಾಹನಗಳು ಅವರವು ಎಂದಾದರೆ ವಿಮೆ, ಎಮಿಷನ್ ಟೆಸ್ಟ್, ಸರ್ವಿಸ್ ಎಲ್ಲದರ ತಾರೀಖು ನೋಡಿಕೊಳ್ಳುವುದೂ ಅವರದೇ. ನೀವು ಅದನ್ನು ಕೇಳಬಾರದು, ನೆನಪಿಸಲೂಬಾರದು. ಮೊದಲ ಸಲ ಒಂದೆರಡು ದಿನ ತಡವಾದರೂ ಸ್ಕೂಟರು ಮನೆಯಲ್ಲೇ ನಿಂತಿರಲಿ. ನೀವು ಅಷ್ಟು ದಿನ ಮೆಟ್ರೋದಲ್ಲಿ ಹೋಗಿ ಬನ್ನಿ.