ಕಾರ್ಟೂನ್ ಪಾತ್ರಗಳನ್ನು ನಾನೇ ಬರೆದು ಸ್ಟಿಕ್ಕರ್ ಮಾಡಿ ಮಾರಿದರೆ ಕೇಸ್ ಆಗುತ್ತಾ?

ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಅಂಗಡಿಯ ಅಟ್ಟದ ಮೇಲಿರುವ ಮಗ್‌ಗಳ ಡಬ್ಬಿ ನೆನಪಾಯಿತು.

ನೀವು ಕೇಳಿರುವುದು ಇಷ್ಟು. ಚಿತ್ರದುರ್ಗದಲ್ಲಿ ಓದುತ್ತಿದ್ದೀರಿ. ಡೋರೆಮಾನ್, ಸ್ಪೈಡರ್‌ಮ್ಯಾನ್, ಒಂದಿಷ್ಟು ಅನಿಮೆ ಪಾತ್ರಗಳನ್ನು ನೀವೇ ಕೂತು ಬರೆದಿದ್ದೀರಿ. ಜೊತೆಗೆ ಒನಕೆ ಓಬವ್ವಂದೂ ಒಂದಿದೆ. ಕಾಲೇಜ್ ಫೆಸ್ಟ್‌ನಲ್ಲಿ ಸ್ಟಾಲ್ ಹಾಕಿ ಸ್ಟಿಕ್ಕರ್ ಮಾರಬೇಕು. ಒಬ್ಬರು 30 ಪರ್ಸೆಂಟ್ ಬದಲಾಯಿಸಿದರೆ ಸಾಕು ಅಂದಿದ್ದಾರೆ, ಇನ್ನೊಬ್ಬರು ಕೆಳಗೆ ಕ್ರೆಡಿಟ್ ಹಾಕಿದರೆ ಆಯ್ತು ಅಂದಿದ್ದಾರೆ.

ನೇರವಾಗಿ ಹೇಳಿಬಿಡ್ತೀನಿ. ಅನುಮತಿ ಇಲ್ಲದೆ ಮಾರಿದರೆ, ಓಬವ್ವನೊಬ್ಬಳನ್ನು ಬಿಟ್ಟು ಉಳಿದದ್ದೆಲ್ಲ ಕಾನೂನಿನ ಪ್ರಕಾರ ತಪ್ಪೇ. ಹಾಗಂತ ನಿಮ್ಮ ಸ್ಟಾಲ್‌ಗೆ ಯಾರಾದರೂ ಬಂದು ಹಿಡಿಯುತ್ತಾರಾ? ಬಹುಶಃ ಇಲ್ಲ. ಯಾರೂ ಹಿಡಿಯಲಿಲ್ಲ ಅಂದರೆ ಸರಿ ಅಂತ ಅರ್ಥ ಮಾಡಿಕೊಂಡು ನಾನು ಕೆಟ್ಟೆ.

ನಾನು ವಕೀಲನಲ್ಲ. ದಾವಣಗೆರೆಯಲ್ಲಿ ಸಣ್ಣ ಪ್ರಿಂಟಿಂಗ್ ಅಂಗಡಿ ನನ್ನದು. ಮಗ್, ಟೀಶರ್ಟ್, ಸ್ಟಿಕ್ಕರ್, ಮದುವೆ ಮನೆಯ ಬ್ಯಾನರ್. ಕೆಲವು ವರ್ಷದ ಹಿಂದೆ ಡೋರೆಮಾನ್, ಅದೇ ಆ ನೀಲಿ ಬೆಕ್ಕಿನ ಡಿಸೈನ್ ಮಾಡಿದೆ. ಹುಟ್ಟುಹಬ್ಬಕ್ಕೆ ಮಕ್ಕಳು ಅದನ್ನೇ ಕೇಳೋರು. ಗೂಗಲ್‌ನಿಂದ ಇಳಿಸಿಕೊಂಡದ್ದಲ್ಲ, ನಾನೇ ಬರೆದದ್ದು. ಬೆಕ್ಕಿನ ಕೈಗೆ ಮಿರ್ಚಿ ಮಂಡಕ್ಕಿ ಪೊಟ್ಟಣ ಕೊಟ್ಟಿದ್ದೆ. ಜನಕ್ಕೆ ಭಾರಿ ಇಷ್ಟ ಆಯಿತು. ಅಂಗಡಿಯಲ್ಲಿ ಎರಡು ವರ್ಷ ಮಾರಿದೆ, ಒಬ್ಬರೂ ಕೇಳಲಿಲ್ಲ. ಧೈರ್ಯ ಬಂತು. ಆನ್‌ಲೈನ್‌ನಲ್ಲಿ ಮಾರುವ ಒಂದು ಕಡೆ ಹಾಕಿದೆ. ಮೂರನೇ ವಾರಕ್ಕೆ ಲಿಸ್ಟಿಂಗ್ ಮಾಯ. ಮಾರನೇ ದಿನ ಅಕೌಂಟೇ ಲಾಕ್. ಬರಬೇಕಿದ್ದ ದುಡ್ಡು ಅಲ್ಲೇ ನಿಂತಿತು. ಹೋಗಲಿ, ನನ್ನ ಬೇರೆ ಡಿಸೈನ್‌ಗಳೂ ಅದೇ ಅಕೌಂಟ್‌ನಲ್ಲಿದ್ದವು. ಅವೂ ಹೋದವು. ಹೊಟ್ಟೆ ಉರಿದಿದ್ದು ಅದಕ್ಕೆ.

ನಮ್ಮಲ್ಲಿ ವಿಸಿಟಿಂಗ್ ಕಾರ್ಡ್ ಮಾಡಿಸುವ ಲಾಯರ್ ಒಬ್ಬರಿದ್ದಾರೆ. ಆ ಮಗ್ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ ನಕ್ಕರು. "ತಮ್ಮಾ, ಮಿರ್ಚಿ ನಿಂದು, ಬೆಕ್ಕು ನಿಂದಲ್ಲ" ಅಂದರು. ಅವರಿಂದ ಕಲಿತದ್ದು, ಆಮೇಲೆ ನಾನೇ ಓದಿಕೊಂಡದ್ದು ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಚಿತ್ರವೊಂದನ್ನು ಯಾವ ರೂಪದಲ್ಲೇ ಆಗಲಿ ಮತ್ತೆ ಮಾಡುವ ಹಕ್ಕು ಅದರ ಒಡೆಯರದ್ದು ಅಂತ 14ನೇ ಸೆಕ್ಷನ್ ಹೇಳುತ್ತದೆ. ಕಾಗದದ ಮೇಲಿನ ಚಿತ್ರವನ್ನು ಗೊಂಬೆ ಮಾಡಿದರೂ ಅದರಲ್ಲೇ ಬರುತ್ತದೆ. ನೀವು ಕೈಯಿಂದ ಬರೆದಿರಾ, ಝೆರಾಕ್ಸ್ ಹೊಡೆದಿರಾ ಅನ್ನುವುದು ಲೆಕ್ಕಕ್ಕಿಲ್ಲ. ವಿದೇಶದ ಪಾತ್ರ, ಇಲ್ಲಿ ಯಾರು ಕೇಳ್ತಾರೆ ಅಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಒಪ್ಪಂದದಿಂದ ಅವುಗಳಿಗೂ ಇಲ್ಲಿ ರಕ್ಷಣೆ ಇದೆ. ಚಿತ್ರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಡೋರೆಮಾನ್ ಬರೆದ ಫುಜಿಕೊ ಎಫ್. ಫುಜಿಯೊ ತೀರಿಕೊಂಡಿದ್ದು 1996ರಲ್ಲಿ. ಲೆಕ್ಕ ಹಾಕಿ, 2056ರ ಕೊನೆಯವರೆಗೂ ಆ ಬೆಕ್ಕನ್ನು ಮುಟ್ಟುವ ಹಾಗಿಲ್ಲ. ಇದರ ಮೇಲೆ ಹೆಸರು, ಲೋಗೋಗಳಿಗೆ ಟ್ರೇಡ್‌ಮಾರ್ಕ್ ಬೇರೆ ಇರುತ್ತದೆ. ಅದನ್ನು ರಿನೀವಲ್ ಮಾಡಿಸುತ್ತಾ ಹೋದರೆ ಮುಗಿಯುವುದೇ ಇಲ್ಲ.

30 ಪರ್ಸೆಂಟ್ ಕಥೆ ಶುದ್ಧ ಸುಳ್ಳು. ಕಾಯ್ದೆಯಲ್ಲಿ ಹಾಗೆ ಯಾವ ಅಂಕಿಯೂ ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆಯೇ: ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, ಆದರೆ ಎರಡನ್ನೂ ನೋಡಿದವರಿಗೆ 'ಇದು ಅದರ ನಕಲು' ಅಂತ ಸ್ಪಷ್ಟವಾಗಿ ಅನ್ನಿಸಿದರೆ ಅದು ನಕಲೇ. ಹಾಗಾಗಿ ಜೇಡದ ಶಕ್ತಿ ಇರುವ ಹುಡುಗನನ್ನು ನೀವು ನಿಮ್ಮದೇ ರೀತಿ ಬರೆಯಬಹುದು. ಕೆಂಪು ನೀಲಿ ಡ್ರೆಸ್, ಬಲೆ ಗೆರೆ, ಆ ದೊಡ್ಡ ಬಿಳಿ ಕಣ್ಣು ಹಾಕಿದಿರೋ, ಮುಗಿಯಿತು. ಹೆಸರು ಸ್ವಲ್ಪ ತಿರುಚಿದರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ನಾಗರಾಜ್ ಅನ್ನುವ ಹಿಂದಿ ಕಾಮಿಕ್ಸ್ ಪಾತ್ರ ಇದೆಯಲ್ಲ, ಅದೇ ಥರ ಇನ್ನೊಬ್ಬರು ನಾಗೇಶ್ ಅಂತ ತಂದರು. ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು.

ಕ್ರೆಡಿಟ್ ಹಾಕುವುದಂತೂ ಇನ್ನೂ ತಮಾಷೆ. ಯಾರೋ ನಿಮ್ಮ ಸೈಕಲ್ ತೆಗೆದುಕೊಂಡು ಹೋಗಿ, ಅದರ ಮೇಲೆ ನಿಮ್ಮ ಹೆಸರು ಬರೆದು ಬಾಡಿಗೆಗೆ ಬಿಟ್ಟರೆ ನೀವು ಒಪ್ಪುತ್ತೀರಾ?

ಯೂಟ್ಯೂಬ್‌ನಲ್ಲಿ 'ಫೇರ್ ಯೂಸ್', ಅಂದರೆ ಅನುಮತಿ ಇಲ್ಲದೆಯೂ ಬಳಸಲು ಇರುವ ವಿನಾಯಿತಿ, ಅಂತ ಹೇಳುತ್ತಾರಲ್ಲ, ಅದು ಅಮೆರಿಕದ ಮಾತು. ನಮ್ಮಲ್ಲಿರುವುದು 52ನೇ ಸೆಕ್ಷನ್‌ನ ಫೇರ್ ಡೀಲಿಂಗ್. ಸ್ವಂತ ಬಳಕೆ, ವಿಮರ್ಶೆ, ಸುದ್ದಿ ಇಂಥದ್ದಕ್ಕೆ ಮಾತ್ರ. ಕೈ ಪಳಗಲಿ ಅಂತ ಸುಮ್ನೆ ಬರೆದುಕೊಂಡು ಗೋಡೆಗೆ ಅಂಟಿಸಿಕೊಳ್ಳಿ, ಯಾರೂ ಏನೂ ಅನ್ನಲ್ಲ. ದುಡ್ಡು ಕೈಗೆ ಬಂದಾಗ ವಿಷಯ ಬೇರೆ. ಅಮೆರಿಕದಲ್ಲೂ ಎಲ್ಲ ಸಲೀಸಾಗಿಲ್ಲ. ಪ್ರಿನ್ಸ್ ಅನ್ನುವ ಹಾಡುಗಾರನ ಫೋಟೋ ನೋಡಿ ಆಂಡಿ ವಾರ್ಹಾಲ್ ಮಾಡಿದ ಚಿತ್ರವನ್ನು ಪತ್ರಿಕೆಗೆ ಕೊಟ್ಟು ದುಡ್ಡು ಪಡೆದ ವಿಚಾರದಲ್ಲಿ, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಫೋಟೋ ತೆಗೆದಾಕೆಯ ಪರ ನಿಂತಿತು.

ಶಿಕ್ಷೆ ಬಗ್ಗೆಯೂ ಹೇಳಿಬಿಡುತ್ತೇನೆ, ಹೆದರಿಸಲು ಅಲ್ಲ. ಗೊತ್ತಿದ್ದೂ ಮಾಡಿದರೆ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಇದು ಜಾಮೀನು ಹಕ್ಕಿಲ್ಲದ ಅಪರಾಧ, ಪೊಲೀಸರೇ ಎಫ್‌ಐಆರ್ ಹಾಕಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಲ್ಕು ಸ್ಟಿಕ್ಕರ್ ಮಾರಿದ ಸ್ಟೂಡೆಂಟ್ ಮೇಲೆ ಯಾವ ಕಂಪನಿಯೂ ಅಷ್ಟು ದೂರ ಹೋಗುವುದು ಕಷ್ಟ. ಅವರು ಸಾಮಾನ್ಯವಾಗಿ ಮಾಡುವುದು ನನಗೆ ಆದದ್ದನ್ನೇ: ಪೇಜ್ ತೆಗೆಸುವುದು, ನೋಟಿಸ್ ಕಳಿಸುವುದು. ಆದರೆ ನಿಮ್ಮ ಪೇಜ್‌ಗೆ ಫಾಲೋವರ್ಸ್ ಜಾಸ್ತಿ ಆದಷ್ಟೂ ನೀವು ಕಣ್ಣಿಗೆ ಬೀಳುತ್ತೀರಿ. ಇನ್ನೊಂದು, ಕೆಲವು ಗೇಮ್ ಕಂಪನಿಗಳು ಫ್ಯಾನ್‌ಗಳು ಏನು ಮಾರಬಹುದು, ಏನು ಮಾರಬಾರದು ಅಂತ ತಮ್ಮ ಸೈಟ್‌ನಲ್ಲೇ ಬರೆದಿಟ್ಟಿವೆ. ನಿಮ್ಮ ಪಾತ್ರ ಅಂಥ ಗೇಮ್‌ನದ್ದಾದರೆ ಮೊದಲು ಅದನ್ನು ಓದಿ.

ಈಗ ಓಬವ್ವ. ಇಲ್ಲಿ ನೀವು ಅದೃಷ್ಟವಂತರು. ಓಬವ್ವ, ಮದಕರಿ ನಾಯಕ ಚರಿತ್ರೆಯವರು, ಅವರ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ. ಆದರೆ ನಿಮ್ಮ ಓಬವ್ವನ ಮುಖ ಯಾವುದು? 'ನಾಗರಹಾವು' ಸಿನಿಮಾದ ಜಯಂತಿಯವರ ಮುಖ, ಅದೇ ಭಂಗಿ ಆದರೆ ಮತ್ತೆ ಸಿಕ್ಕಿಬಿದ್ದಿರಿ. ಸಿನಿಮಾ ಬಂದಿದ್ದು 1972ರಲ್ಲಿ, ಹಕ್ಕು 60 ವರ್ಷ, ಅಂದರೆ 2032 ಮುಗಿಯುವವರೆಗೆ ಇರುತ್ತದೆ. ನಟನಟಿಯರ ಮುಖದ್ದು ಇನ್ನೊಂದು ತಲೆನೋವು. ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಯನ್ನು ವ್ಯಾಪಾರಕ್ಕೆ ಬಳಸದಂತೆ 2023ರಲ್ಲಿ ದೆಹಲಿ ಹೈಕೋರ್ಟ್ ಆದೇಶ ಕೊಟ್ಟಿದೆ. ಹನುಮಂತನದೂ ಹೀಗೇ. ಹನುಮಂತ ಎಲ್ಲರವನು. ಆದರೆ ಕಾರುಗಳ ಹಿಂದಿನ ಗಾಜಿನ ಮೇಲೆ ಕಾಣುವ ಆ ಕೇಸರಿ ಬಣ್ಣದ ಸಿಟ್ಟಿನ ಹನುಮಂತನನ್ನು ಬರೆದವರು ಕಾಸರಗೋಡು ಕಡೆಯ ಕರಣ್ ಆಚಾರ್ಯ. ನನ್ನ ಅಂಗಡಿಗೂ ಅದನ್ನೇ ಹೊಡೆದುಕೊಡಿ ಅಂತ ವಾರಕ್ಕೊಬ್ಬರು ಬರುತ್ತಾರೆ.

ಕೋಟೆ, ಬುರುಜು, ಉಯ್ಯಾಲೆ ಕಂಬ ಎಷ್ಟು ಬೇಕಾದರೂ ಬರೆದು ಮಾರಿ. ಜನ ಓಡಾಡುವ ಜಾಗದಲ್ಲಿ ಕಾಯಂ ಆಗಿ ನಿಂತಿರುವ ಪ್ರತಿಮೆಯ ಚಿತ್ರ ಬರೆಯಲಿಕ್ಕೂ 52ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಅವರ ಚಿತ್ರಗಳೂ ಮುಕ್ತ.

ನನ್ನ ಮಗ್‌ಗಳು? ಒಟ್ಟು 38 ಉಳಿದಿದ್ದವು. ಮಾರಲಿಲ್ಲ, ಒಡೆಯಲೂ ಮನಸ್ಸಾಗಲಿಲ್ಲ. ಒಂದನ್ನು ಅವ್ವ ಎತ್ತಿಕೊಂಡಳು, ದಿನಾ ಅದರಲ್ಲೇ ಚಹಾ ಕುಡಿಯುತ್ತಾಳೆ. ಆ ಮಿರ್ಚಿ ಪೊಟ್ಟಣವನ್ನು ಮಾತ್ರ ಈಗ ಬೇರೆ ಪ್ರಾಣಿಯ ಕೈಗೆ ಕೊಟ್ಟಿದ್ದೇನೆ. ನಮ್ಮ ಓಣಿಯ ಒಂದು ಕಿವಿ ಹರಿದ ನಾಯಿ. ಬೆಕ್ಕಿನಷ್ಟು ಹೋಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ನೀವು ಕೋಟೆಯ ಕೋತಿಗಳನ್ನು ಬರೆದರೆ ಒಂದು ಶೀಟ್ ನನಗೆ ಎತ್ತಿಡಿ, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.