ಕೊಡಗಿನ ಮಳೇಲಿ ಮ್ಯಾನಿಕ್ಯೂರ್ ಮೂರೇ ದಿನಕ್ಕೆ ಕಿತ್ತು ಬರತ್ತೆ, ಜಾಸ್ತಿ ದಿನ ಉಳಿಸ್ಕೊಳ್ಳೋದು ಹೇಗೆ?

ನಾನಿರೋದು ಮಡಿಕೇರಿ ಹತ್ರ, ಜೂನ್‌ನಿಂದ ಸೆಪ್ಟೆಂಬರ್ ತನಕ ಕೈ ಒಣಗೋದೇ ಅಪರೂಪ. ಪಾಲಿಶ್‌ನ ಬೈಬೇಡಿ, ಉಗುರು ನೀರು ಹೀರಿ ಸ್ವಲ್ಪ ಉಬ್ಬತ್ತೆ, ಒಣಗಿದಾಗ ಕುಗ್ಗತ್ತೆ, ಮೇಲಿರೋ ಪಾಲಿಶ್ ಅದರ ಜೊತೆ ಅಷ್ಟು ಹಿಗ್ಗಲ್ಲ, ಅದಕ್ಕೇ ತುದಿಯಿಂದ ಚಕ್ಕೆ ಏಳೋದು. ಹಾಗಾಗಿ ಪಾರ್ಲರಲ್ಲಿ ಬಿಸಿನೀರಲ್ಲಿ ಕೈ ನೆನೆಸಿದ ಕೂಡ್ಲೇ ಬಣ್ಣ ಹಚ್ಚಿಸ್ಕೋಬೇಡಿ, ನೆನೆಸೋದೇ ಬೇಡ ಅಂದ್ಬಿಡಿ. ಹಚ್ಚೋ ಮುಂಚೆ ರಿಮೂವರ್ ಅದ್ದಿದ ಹತ್ತೀಲಿ ಒಮ್ಮೆ ಒರೆಸಿ, ಎಣ್ಣೆ ಪಸೆ ಹೋಗ್ಬೇಕು. ಆಮೇಲೆ ಬೇಸ್ ಕೋಟ್, ತೆಳ್ಳಗೆ ಎರಡು ಕೋಟ್ ಬಣ್ಣ, ಟಾಪ್ ಕೋಟ್, ಪ್ರತಿ ಸಲಾನೂ ಬ್ರಷ್‌ನ ಉಗುರಿನ ತುದಿ ಅಂಚಿಗೂ ಒಂದ್ಸಲ ಎಳೀರಿ, ಇದೊಂದರಿಂದ್ಲೇ ನಂಗೆ ಎರಡ್ಮೂರು ದಿನ ಜಾಸ್ತಿ ಬಂತು.

ಕ್ಯೂಟಿಕಲ್ (ಉಗುರಿನ ಬುಡದಲ್ಲಿರೋ ತೆಳು ಚರ್ಮ) ಮಾತ್ರ ಕತ್ತರಿಸೋಕೆ ಬಿಡ್ಬೇಡಿ, ಸೋಂಕು ಒಳಗೆ ಹೋಗದ ಹಾಗೆ ತಡೆಯೋದೇ ಅದು. ಒಂದ್ಸಲ ಒಂದು ಪಾರ್ಲರಲ್ಲಿ ಕತ್ತರಿಸಿ ನನ್ನ ಹೆಬ್ಬೆರಳು ಕಡಂಬುಟ್ಟು (ನಮ್ಮ ಕಡೆಯ ಅಕ್ಕಿ ಉಂಡೆ ಕಡುಬು) ಥರ ಊದಿತ್ತು! ರಾತ್ರಿ ಕ್ಯೂಟಿಕಲ್‌ಗೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿದ್ರೆ ಸಾಕು. ಪಾತ್ರೆ ತೊಳೆಯೋಕೆ ಗ್ಲೌಸ್. ಇನ್ನು ಕಾಫಿ ಕೊಯ್ಲಿನ ಟೈಮಲ್ಲಿ ತೋಟಕ್ಕಿಳಿಯೋರು ಉಗುರು ಗಿಡ್ಡ ಇಟ್ಕೊಳ್ಳಿ, ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯತ್ತೆ, ಮಾರ್ಚ್‌ಗೆ ಮತ್ತೆ ಉದ್ದ ಬಿಡ್ಬಹುದು.