ತ್ರಿವರ್ಣ ಧ್ವಜ: ಕಾನೂನು ಎಲ್ಲಿಯವರೆಗೆ, ರೂಢಿ ಎಲ್ಲಿಂದ?

ರಾಷ್ಟ್ರಧ್ವಜದ ವಿನ್ಯಾಸ, ಅರ್ಥ ಮತ್ತು ಬಳಕೆಯ ಕ್ರಮವನ್ನು ಕುರಿತು ಓದುಗರು ಬರೆದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಕೇಸರಿ ಹಿಂದೂಗಳನ್ನೂ ಹಸಿರು ಮುಸ್ಲಿಮರನ್ನೂ ಬಿಳಿ ಉಳಿದವರನ್ನೂ ಸೂಚಿಸುತ್ತದೆ ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ನಮ್ಮ ಶಾಲೆಯ ಗೋಡೆಯ ಚಿತ್ರಪಟದಲ್ಲಿ ತ್ಯಾಗ, ಶಾಂತಿ, ಸಮೃದ್ಧಿ ಎಂದಿದೆ; ಚಕ್ರದ 24 ಅರಗಳಿಗೆ 24 ಸದ್ಗುಣಗಳ ಪಟ್ಟಿಯೂ ಇದೆ. ಮಕ್ಕಳಿಗೆ ಯಾವುದನ್ನು ಹೇಳಬೇಕು?
— ಪ್ರೌಢಶಾಲಾ ಶಿಕ್ಷಕಿ, ಹಾವೇರಿ

ಉತ್ತರ: ತಾವು ಕೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ಈಗಿನ ಧ್ವಜದ ಅರ್ಥವಲ್ಲ. 1921ರಲ್ಲಿ ವಿಜಯವಾಡದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದ್ದಾಗ ಪಿಂಗಳಿ ವೆಂಕಯ್ಯನವರು ಕೆಂಪು ಮತ್ತು ಹಸಿರು ಬಣ್ಣಗಳ ವಿನ್ಯಾಸವೊಂದನ್ನು ಗಾಂಧೀಜಿಯವರಿಗೆ ಒಪ್ಪಿಸಿದರು. ಆ ಎರಡು ಬಣ್ಣಗಳನ್ನು ಆಗ ಎರಡು ದೊಡ್ಡ ಸಮುದಾಯಗಳ ಗುರುತಾಗಿಯೇ ನೋಡಲಾಗಿತ್ತು. ಉಳಿದ ಸಮುದಾಯಗಳಿಗೂ ಸ್ಥಾನವಿರಲೆಂದು ಗಾಂಧೀಜಿಯವರು ಬಿಳಿಯ ಪಟ್ಟಿಯನ್ನು ಸೇರಿಸಲು ಸೂಚಿಸಿದರು. ನಡುವೆ ಚರಕವಿರಲಿ ಎಂಬ ಸಲಹೆ ಜಲಂಧರದ ಲಾಲಾ ಹಂಸರಾಜರದು. ಬಣ್ಣಗಳನ್ನು ಮತಗಳಿಗೆ ಹಂಚುವ ಈ ವಿವರಣೆ ಹತ್ತೇ ವರ್ಷಗಳಲ್ಲಿ ತೊಡಕಾಗಿ ಕಂಡಿತು. ತಮಗೂ ಬಣ್ಣ ಬೇಕೆಂದು ಬೇರೆಯವರು ಕೇಳತೊಡಗಿದಾಗ, 1931ರ ಕರಾಚಿ ಅಧಿವೇಶನವು ಇದನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಇಡೀ ಧ್ವಜ ಕೇಸರಿಯೇ ಇರಲಿ ಎಂದು ಆ ಸಮಿತಿ ಹೇಳಿದರೂ ಅದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ಚರಕವಿದ್ದ ಧ್ವಜವನ್ನು ಅಂಗೀಕರಿಸಿ, ಈ ಬಣ್ಣಗಳಿಗೆ ಮತೀಯ ಅರ್ಥವಿಲ್ಲ, ಕೇಸರಿ ಧೈರ್ಯ ಮತ್ತು ತ್ಯಾಗವನ್ನೂ ಬಿಳಿ ಶಾಂತಿ ಮತ್ತು ಸತ್ಯವನ್ನೂ ಹಸಿರು ಶ್ರದ್ಧೆ ಮತ್ತು ಶೌರ್ಯವನ್ನೂ ಸೂಚಿಸುತ್ತವೆ ಎಂದು ಸ್ಪಷ್ಟಪಡಿಸಲಾಯಿತು.

1947ರ ಜುಲೈ 22ರಂದು ಸಂವಿಧಾನ ರಚನಾ ಸಭೆಯಲ್ಲಿ ಜವಾಹರಲಾಲ್ ನೆಹರೂ ಅವರು ಮಂಡಿಸಿದ ನಿರ್ಣಯವನ್ನು ಓದಿದರೆ ಅದರಲ್ಲಿ ಬಣ್ಣಗಳ ಅರ್ಥದ ಮಾತೇ ಇಲ್ಲದಿರುವುದು ಕಾಣುತ್ತದೆ. ಗಾಢ ಕೇಸರಿ, ಬಿಳಿ ಮತ್ತು ಗಾಢ ಹಸಿರಿನ ಸಮಾನ ಪಟ್ಟಿಗಳು, ಅಗಲಕ್ಕೂ ಉದ್ದಕ್ಕೂ 2:3ರ ಪ್ರಮಾಣ, ನಡುವೆ ಕಡುನೀಲಿಯ ಚಕ್ರ, ಅದು ಸಾರನಾಥದ ಅಶೋಕನ ಸಿಂಹಬೋದಿಗೆಯ (ಕಂಬದ ತಲೆಯ ಮೇಲಿನ ಸಿಂಹಶಿಲ್ಪದ) ಪೀಠದಲ್ಲಿರುವ ಚಕ್ರದಂತಿರಬೇಕು, ಅದರ ವ್ಯಾಸ ಬಿಳಿಯ ಪಟ್ಟಿಯ ಅಗಲಕ್ಕೆ ಹತ್ತಿರವಾಗಿರಬೇಕು ಎಂಬಷ್ಟನ್ನೇ ಅದು ಹೇಳುತ್ತದೆ. ಚರಕವನ್ನು ಕೈಬಿಟ್ಟು ಚಕ್ರವನ್ನು ತಂದರು ಎಂದು ಆಕ್ಷೇಪಿಸುವವರು ಗಮನಿಸಬೇಕಾದ ಅಂಶವೂ ಅದರಲ್ಲಿಯೇ ಇದೆ: ಈ ಚಕ್ರವು ಚರಕವನ್ನು ಪ್ರತಿನಿಧಿಸುತ್ತದೆ ಎಂದು ನಿರ್ಣಯವೇ ಹೇಳುತ್ತದೆ. ಬದಲಾವಣೆಗೆ ನೆಹರೂ ಅವರು ಕೊಟ್ಟ ಕಾರಣ ವಿನ್ಯಾಸಕಾರ ಮೆಚ್ಚುವಂಥದ್ದು. ಒಂದು ತುದಿಯಲ್ಲಿ ಗಾಲಿ, ಇನ್ನೊಂದು ತುದಿಯಲ್ಲಿ ಕದಿರು ಇರುವ ಚರಕ ಬಟ್ಟೆಯ ಹಿಂಬದಿಯಿಂದ ತಿರುವುಮುರುವಾಗಿ ಕಾಣುತ್ತದೆ. ಗಾಲಿಯೊಂದೇ ಆದರೆ ಎರಡೂ ಬದಿಗೆ ಒಂದೇ ಆಗಿರುತ್ತದೆ. ಅರ್ಥದ ಕಡೆಗೆ ಹೆಚ್ಚು ಗಮನ ಕೊಟ್ಟವರು ಸರ್ವೇಪಲ್ಲಿ ರಾಧಾಕೃಷ್ಣನ್. ಕೇಸರಿಯನ್ನು ನಾಯಕರಲ್ಲಿರಬೇಕಾದ ನಿರ್ಮೋಹಕ್ಕೂ, ಬಿಳಿಯನ್ನು ಸತ್ಯದ ದಾರಿ ತೋರುವ ಬೆಳಕಿಗೂ, ಹಸಿರನ್ನು ಮಣ್ಣಿನೊಂದಿಗೆ ನಮಗಿರುವ ಸಂಬಂಧಕ್ಕೂ, ಚಕ್ರವನ್ನು ಧರ್ಮಕ್ಕೂ ಚಲನೆಗೂ ಸಂಕೇತವೆಂದು ಅವರು ವಿವರಿಸಿದರು. ನಮ್ಮ ಗೋಡೆಚಿತ್ರಗಳ ಮೂಲವೆಲ್ಲ ಬಹುಮಟ್ಟಿಗೆ 1931 ಮತ್ತು 1947ರ ಈ ಎರಡು ವಿವರಣೆಗಳ ಮಿಶ್ರಣ.

ಇನ್ನು 24 ಸದ್ಗುಣಗಳ ಪಟ್ಟಿ. ನಿರ್ಣಯವು ಅರಗಳ ಸಂಖ್ಯೆಯನ್ನು ಸಹ ನಮೂದಿಸಿಲ್ಲ. ಸಾರನಾಥದ ಚಕ್ರದಲ್ಲಿ 24 ಇರುವುದರಿಂದ ಧ್ವಜದಲ್ಲಿಯೂ 24 ಇವೆ. ಪಟ್ಟಿಯನ್ನು ಯಾರೋ ಸದುದ್ದೇಶದಿಂದ ಕಟ್ಟಿರಬಹುದು. ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿ ಪರೀಕ್ಷೆಯಲ್ಲಿ ಕೇಳುವುದಕ್ಕೆ ಮಾತ್ರ ಆಧಾರವಿಲ್ಲ.

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದ ಮನೆಯ ಬಾಲ್ಕನಿಯಲ್ಲಿ ಧ್ವಜವನ್ನು ರಾತ್ರಿಯೂ ಬಿಡಬಹುದೇ? ಖಾದಿಯದೇ ಆಗಬೇಕೆಂದು ಸಂಘದವರು ಹಟ ಹಿಡಿದಿದ್ದಾರೆ.
— ಒಬ್ಬ ನಿವಾಸಿ, ಬೆಂಗಳೂರು

ಉತ್ತರ: ಬಿಡಬಹುದು, ಖಾದಿಯದೇ ಆಗಬೇಕೆಂದೂ ಇಲ್ಲ. ಸೂರ್ಯಾಸ್ತಕ್ಕೆ ಧ್ವಜ ಇಳಿಸಬೇಕೆಂಬುದು ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, 2022ರ ಜುಲೈನಲ್ಲಿ ಧ್ವಜ ಸಂಹಿತೆಯ (ಧ್ವಜ ಬಳಕೆಯ ಸರ್ಕಾರಿ ನಿಯಮಾವಳಿಯ) ನಿಯಮ ಬದಲಾದದ್ದು ಅನೇಕರ ಗಮನಕ್ಕೆ ಬಂದಿಲ್ಲ. ಬಯಲಿನಲ್ಲಿ ಅಥವಾ ನಾಗರಿಕರ ಮನೆಯ ಮೇಲೆ ಹಾರಿಸಿದ ಧ್ವಜ ಹಗಲೂ ರಾತ್ರಿಯೂ ಹಾರಬಹುದು ಎಂಬುದು ಈಗಿನ ಸ್ಥಿತಿ. ಅದಕ್ಕೂ ಮೊದಲು, 2021ರ ಡಿಸೆಂಬರ್ 30ರ ತಿದ್ದುಪಡಿಯು ಕೈನೂಲಿನ, ಕೈಮಗ್ಗದ ಬಟ್ಟೆಯ ಜೊತೆಗೆ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ, ಹತ್ತಿ, ಉಣ್ಣೆ, ರೇಷ್ಮೆಗಳ ಜೊತೆಗೆ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟಿತು.

ಮನೆಯ ಮೇಲೆ ಧ್ವಜ ಹಾರಿಸುವ ಸ್ವಾತಂತ್ರ್ಯವೂ ಬಹಳ ಹಳೆಯದಲ್ಲ. ಮೊದಲು ಕೆಲವು ಗೊತ್ತಾದ ದಿನಗಳಲ್ಲಷ್ಟೇ ಸಾಮಾನ್ಯ ಜನರಿಗೆ ಅವಕಾಶವಿತ್ತು. ಉದ್ಯಮಿ ನವೀನ್ ಜಿಂದಾಲ್ ಅವರು ತಮ್ಮ ಕಾರ್ಖಾನೆಯ ಆವರಣದಲ್ಲಿ ಧ್ವಜ ಹಾರಿಸುವುದಕ್ಕೆ ಅಧಿಕಾರಿಗಳು ಅಡ್ಡಿಪಡಿಸಿದ ಮೇಲೆ ಅವರು ನ್ಯಾಯಾಲಯಕ್ಕೆ ಹೋದರು. 2002ರ ಜನವರಿ 26ರಿಂದ ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ ಆ ನಿರ್ಬಂಧವನ್ನು ತೆಗೆಯಿತು. 2004ರ ಜನವರಿ 23ರಂದು ಸುಪ್ರೀಂ ಕೋರ್ಟ್, ಗೌರವಪೂರ್ವಕವಾಗಿ ಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಅದೇ ತೀರ್ಪಿನ ಇನ್ನೊಂದು ಮಾತನ್ನು ತಮ್ಮ ಸಂಘದವರು ಓದಬೇಕು: ಧ್ವಜ ಸಂಹಿತೆಯು ಶಾಸನವಲ್ಲ, ಆದರೆ ಧ್ವಜದ ಘನತೆಯನ್ನು ಕಾಯುವಷ್ಟರ ಮಟ್ಟಿಗೆ ಅದನ್ನು ಪಾಲಿಸತಕ್ಕದ್ದು. ಶಿಕ್ಷೆಯ ಬಲವಿರುವುದು ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಅಧಿನಿಯಮ, 1971ಕ್ಕೆ. ಅದರಡಿ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ಭೇದ ತಿಳಿಯದೆ ನೆರೆಹೊರೆಯವರು ಒಬ್ಬರ ಮೇಲೊಬ್ಬರು ದೂರು ಕೊಡುವುದು ಧ್ವಜಕ್ಕೆ ಸಲ್ಲುವ ಗೌರವವಂತೂ ಅಲ್ಲ. ಬಾಲ್ಕನಿಯ ಧ್ವಜದ ಬಗ್ಗೆ ನಾವು ಹೇಳಬೇಕಾದದ್ದು ಬೇರೆ: ಮಳೆಗಾಳಿಗೆ ಅಂಚು ಬಿಚ್ಚಿಹೋದ, ಬಣ್ಣ ಮಾಸಿದ ಧ್ವಜವನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡಬಾರದು. ಹಗಲು ರಾತ್ರಿ ಹಾರಿಸುವ ಅನುಮತಿಯ ಜೊತೆಗೆ ನೋಡಿಕೊಳ್ಳುವ ಹೊಣೆಯೂ ಬರುತ್ತದೆ.

ಪ್ರಶ್ನೆ: ಸಭಾಂಗಣದ ಗೋಡೆಗೆ ಧ್ವಜವನ್ನು ಉದ್ದುದ್ದವಾಗಿ ತೂಗುಹಾಕಿದರೆ ಕೇಸರಿ ಯಾವ ಕಡೆ ಬರಬೇಕು? ವೇದಿಕೆಯ ಮೇಲೆ ಧ್ವಜ ಎಲ್ಲಿರಬೇಕು?
— ಗ್ರಂಥಪಾಲಕರು, ಶಿವಮೊಗ್ಗ

ಉತ್ತರ: ಅಡ್ಡಲಾಗಿದ್ದರೆ ಕೇಸರಿ ಮೇಲೆ, ಉದ್ದವಾಗಿ ಇಳಿಬಿಟ್ಟರೆ ಕೇಸರಿ ಧ್ವಜದ ಬಲಕ್ಕೆ, ಎಂದರೆ ಎದುರು ನಿಂತು ನೋಡುವವರ ಎಡಕ್ಕೆ ಬರಬೇಕು. ಬಲ ಯಾರದು ಎಂಬ ಗೊಂದಲ ಎಲ್ಲ ಕಡೆಯೂ ಇದೆ. ಧ್ವಜವೇ ಜನರತ್ತ ಮುಖ ಮಾಡಿ ನಿಂತಿದೆ ಎಂದು ಭಾವಿಸಿಕೊಂಡರೆ ತಪ್ಪುವುದಿಲ್ಲ. ವೇದಿಕೆಯಲ್ಲಿ ಧ್ವಜವು ಸಭಿಕರತ್ತ ನೋಡುವ ಭಾಷಣಕಾರರ ಬಲಕ್ಕಿರಬೇಕು, ಇಲ್ಲವೇ ಅವರ ಹಿಂದಿನ ಗೋಡೆಯ ಮೇಲೆ ಅವರಿಗಿಂತ ಎತ್ತರದಲ್ಲಿರಬೇಕು. ಮೇಜಿಗೆ ಹೊದಿಸುವುದಾಗಲಿ, ಪ್ರತಿಮೆಯ ಅನಾವರಣಕ್ಕೆ ಪರದೆಯಾಗಿ ಬಳಸುವುದಾಗಲಿ ಸಲ್ಲದು. ಅಂದಹಾಗೆ, ಅವಸರದಲ್ಲಿ ಕೇಸರಿ ಕೆಳಗಾಗಿ ಧ್ವಜ ಏರಿದ ಸುದ್ದಿ ಪ್ರತಿವರ್ಷ ಬರುತ್ತದೆ. ಶಾಸನವು ಅಪರಾಧವೆನ್ನುವುದು ಉದ್ದೇಶಪೂರ್ವಕವಾಗಿ ಹಾಗೆ ಪ್ರದರ್ಶಿಸುವುದನ್ನು. ಕೈತಪ್ಪಿನಿಂದಾದದ್ದನ್ನು ಕೂಡಲೇ ಇಳಿಸಿ ಸರಿಪಡಿಸಿದರೆ ಸಾಕು. ಹಗ್ಗ ಎಳೆದವರ ಚಿತ್ರ ತೆಗೆದು ಹರಡುವುದು ಬೇಕಿಲ್ಲ.

ಪ್ರಶ್ನೆ: ರಾಜ್ಯೋತ್ಸವದ ದಿನ ಹಳದಿ-ಕೆಂಪು ಬಾವುಟವನ್ನು ರಾಷ್ಟ್ರಧ್ವಜದ ಪಕ್ಕದಲ್ಲಿ ಹಾರಿಸಬಹುದೇ?
— ಕನ್ನಡ ಸಂಘದ ಕಾರ್ಯದರ್ಶಿ, ದಾವಣಗೆರೆ

ಉತ್ತರ: 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಆ ಬಾವುಟ ಜನರ ಪ್ರೀತಿಯಿಂದಲೇ ನಾಡಿನ ಗುರುತಾಗಿದೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟವು ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡವಿರುವ ವಿನ್ಯಾಸವೊಂದನ್ನು ಒಪ್ಪಿ ಕೇಂದ್ರಕ್ಕೆ ಕಳುಹಿಸಲು ನಿರ್ಧರಿಸಿತ್ತು. ಕನ್ನಡ ಬಾವುಟವನ್ನು ಹಾರಿಸುವುದಕ್ಕೆ ಧ್ವಜ ಸಂಹಿತೆಯಲ್ಲಿ ಅಡ್ಡಿಯಿಲ್ಲ. ಆದರೆ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ, ಅದರ ಮೇಲೆ ಅಥವಾ ಅದರ ಸರಿಸಮಕ್ಕೆ ಬೇರೆ ಬಾವುಟ ಇರಬಾರದು, ಒಂದೇ ಕಂಬದ ತುದಿಯಲ್ಲಿ ಎರಡು ಬಾವುಟಗಳನ್ನು ಕಟ್ಟಬಾರದು ಎಂದು ಅದು ಹೇಳುತ್ತದೆ. ಆದ್ದರಿಂದ ಕನ್ನಡ ಬಾವುಟಕ್ಕೆ ಬೇರೆ ಕಂಬ, ತುಸು ದೂರದಲ್ಲಿ, ತುಸು ತಗ್ಗಿನಲ್ಲಿ ಇರಲಿ. ಆ ದಿನ ಕನ್ನಡ ಬಾವುಟ ಒಂದನ್ನೇ ಹಾರಿಸಿದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಪ್ರಶ್ನೆ: ತ್ರಿವರ್ಣದ ಅಂಗಿ ತೊಡಬಹುದೇ? ಧ್ವಜದ ಚಿತ್ರವಿರುವ ಕೇಕ್ ಕತ್ತರಿಸುವುದು ಅಪರಾಧವೇ?
— ಕಾಲೇಜು ವಿದ್ಯಾರ್ಥಿಗಳು, ಮೈಸೂರು

ಉತ್ತರ: ಸೊಂಟದ ಕೆಳಗೆ ತೊಡುವ ಉಡುಪಿನಲ್ಲಿ, ಒಳ ಉಡುಪಿನಲ್ಲಿ, ಕರವಸ್ತ್ರ, ದಿಂಬು, ಕೈವಸ್ತ್ರಗಳಲ್ಲಿ ಧ್ವಜ ಕೂಡದು ಎಂಬುದು 2005ರ ತಿದ್ದುಪಡಿಯ ನಂತರದ ನಿಯಮ, ಮೇಲುಡುಪಿನಲ್ಲಿ ಗೌರವಕ್ಕೆ ಕುಂದಾಗದಂತೆ ಬಳಸಬಹುದು. ಕೇಕಿನ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂದಿತ್ತು. ಅದನ್ನು ಕತ್ತರಿಸಿದ್ದರಲ್ಲಿ ಅಪಮಾನದ ಉದ್ದೇಶವಿರಲಿಲ್ಲವೆಂದು ನ್ಯಾಯಾಲಯ 2021ರಲ್ಲಿ ಆ ಪ್ರಕರಣವನ್ನು ರದ್ದುಪಡಿಸಿತು. ಅಪರಾಧವಲ್ಲದ್ದೆಲ್ಲ ಅಭಿರುಚಿಯದ್ದಾಗಬೇಕಿಲ್ಲ, ಬೇರೆ ಚಿತ್ರದ ಕೇಕುಗಳೂ ಸಿಗುತ್ತವೆ.

ಪ್ರಶ್ನೆ: ಹಬ್ಬದ ಮರುದಿನ ರಸ್ತೆಯಲ್ಲಿ ಬಿದ್ದಿರುವ ಕಾಗದದ ಧ್ವಜಗಳನ್ನೂ ಮನೆಯಲ್ಲಿರುವ ಹರಿದ ಧ್ವಜವನ್ನೂ ಏನು ಮಾಡಬೇಕು?
— ಗೃಹಿಣಿ, ತುಮಕೂರು

ಉತ್ತರ: ಹರಿದ ಧ್ವಜವನ್ನು ಒರೆಸುವ ಬಟ್ಟೆಯಾಗಿಸದೆ, ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದಷ್ಟು ಮಟ್ಟಿಗೆ ಸುಟ್ಟು, ಇಲ್ಲವೇ ಘನತೆಗೆ ಒಪ್ಪುವ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಬೇಕು. ಧ್ವಜ ಸುಡುವುದು ಅಪರಾಧವಲ್ಲವೇ ಎಂದು ಅಳುಕಬೇಕಾಗಿಲ್ಲ. ಸಾರ್ವಜನಿಕವಾಗಿ ಅವಮಾನಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪಾಲಿಯೆಸ್ಟರನ್ನು ಸುಟ್ಟರೆ ಕೆಟ್ಟ ಹೊಗೆ ಬರುತ್ತದೆಯಾದ್ದರಿಂದ ಅದನ್ನು ಅಚ್ಚುಕಟ್ಟಾಗಿ ಮಡಿಸಿ ಹೂಳುವುದೇ ಮೇಲೆಂದು ನಮ್ಮ ಅಭಿಪ್ರಾಯ. ಕಾಗದದ ಧ್ವಜಗಳನ್ನು ನೆಲಕ್ಕೆ ಎಸೆಯಬಾರದೆಂದು ಸಂಹಿತೆಯಲ್ಲಿಯೇ ಇದೆ. ಹಂಚಿದ ಸಂಘಟಕರೇ ಸಂಜೆ ಅವನ್ನು ಮರಳಿ ಪಡೆಯುವ ಏರ್ಪಾಡು ಮಾಡಿದರೆ ತಾವು ಮರುದಿನ ಬಗ್ಗಿ ಆಯಬೇಕಾಗುವುದಿಲ್ಲ.

ಪ್ರಶ್ನೆ: ಗಣ್ಯರು ತೀರಿಕೊಂಡಾಗ ನಮ್ಮ ಸಂಸ್ಥೆಯ ಧ್ವಜವನ್ನು ನಾವೇ ಅರ್ಧಕ್ಕೆ ಇಳಿಸಬಹುದೇ?
— ಸಹಕಾರ ಸಂಘದ ನಿರ್ದೇಶಕರು, ಮಂಡ್ಯ

ಉತ್ತರ: ಅದು ಸರ್ಕಾರದ ಸೂಚನೆಯಂತೆ ನಡೆಯುವ ಶೋಕಾಚರಣೆ, ತಮ್ಮ ಶೋಕವನ್ನು ಬೇರೆ ರೀತಿಯಲ್ಲಿ ವ್ಯಕ್ತಪಡಿಸುವುದು ಸೂಕ್ತ. ಸೂಚನೆ ಬಂದಾಗ ಧ್ವಜವನ್ನು ಮೊದಲು ಕಂಬದ ತುದಿಯವರೆಗೆ ಏರಿಸಿ ಅನಂತರ ಅರ್ಧಕ್ಕೆ ತರಬೇಕು, ಸಂಜೆ ಇಳಿಸುವ ಮುನ್ನ ಮತ್ತೆ ತುದಿಗೆ ಒಯ್ಯಬೇಕು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಮತ್ತು ಗಾಂಧಿ ಜಯಂತಿಯಂದು ಶೋಕವಿದ್ದರೂ ಧ್ವಜ ಪೂರ್ತಿ ಎತ್ತರದಲ್ಲಿಯೇ ಹಾರುತ್ತದೆ. ಪಾರ್ಥಿವ ಶರೀರವಿರುವ ಕಟ್ಟಡವೊಂದಕ್ಕೆ ಮಾತ್ರ, ಅದೂ ಶರೀರವನ್ನು ಒಯ್ಯುವವರೆಗೆ, ವಿನಾಯಿತಿಯಿದೆ.

ಪ್ರಶ್ನೆ: ಹುಬ್ಬಳ್ಳಿಯ ಖಾದಿ ಧ್ವಜಕ್ಕೂ ಪೇಟೆಯ ಧ್ವಜಕ್ಕೂ ಬೆಲೆಯಲ್ಲಿ ಅಷ್ಟು ಅಂತರವೇಕೆ?
— ನಿವೃತ್ತ ನೌಕರರು, ಗದಗ

ಉತ್ತರ: ಶ್ರಮದಿಂದಾಗಿ, ಅಳತೆಯ ಕಟ್ಟುನಿಟ್ಟಿನಿಂದಾಗಿ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ರಾಷ್ಟ್ರಧ್ವಜದ್ದೇ. 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿಯ ಘಟಕದಲ್ಲಿ, ಹೆಚ್ಚಾಗಿ ಮಹಿಳೆಯರೇ, ಈ ಮಾನಕಕ್ಕೆ ಒಪ್ಪುವ ಧ್ವಜಗಳನ್ನು ಹೊಲಿಯುತ್ತಾರೆ. ಕೈನೂಲಿನ ಬಟ್ಟೆಗೆ ಮೂರು ಬಣ್ಣ ಕಟ್ಟಬೇಕು, ಬಿಸಿಲಿಗೂ ಒಗೆತಕ್ಕೂ ಆ ಬಣ್ಣ ನಿಲ್ಲಬೇಕು, ಹಗ್ಗ ಹಾಯುವ ಅಂಚಿಗೆ ದಪ್ಪನೆಯ ಬೇರೆ ಖಾದಿ ಬೇಕು, ಎರಡೂ ಬದಿಯಲ್ಲಿ ಅಚ್ಚಾಗುವ ಚಕ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಬೇಕು. 900×600 ಮಿಲಿಮೀಟರ್ ಧ್ವಜದಲ್ಲಿ ಬಿಳಿಯ ಪಟ್ಟಿ 200 ಮಿಲಿಮೀಟರ್ ಆದರೆ ಚಕ್ರದ ವ್ಯಾಸ 185. ಪೇಟೆಯ ಧ್ವಜಗಳಲ್ಲಿ ಈ ಅಳತೆಯನ್ನೊಮ್ಮೆ ನೋಡಿ: ಚಕ್ರ ಸಣ್ಣದಾಗಿ, ಕೆಲವೊಮ್ಮೆ ಮೊಟ್ಟೆಯಾಕಾರವಾಗಿ, ನಡುವಿನಿಂದ ಸರಿದಿರುತ್ತದೆ. ಪಾಲಿಯೆಸ್ಟರಿಗೆ ಅವಕಾಶ ಕೊಟ್ಟದ್ದನ್ನು ಸಂಘವು 2022ರಲ್ಲಿ ವಿರೋಧಿಸಿತ್ತು. ಮನೆಮನೆಗೂ ಅಗ್ಗದಲ್ಲಿ ಧ್ವಜ ತಲುಪಬೇಕೆಂಬ ವಾದದಲ್ಲಿಯೂ ಹುರುಳಿದೆ, ಆದರೆ ಶಾಲೆ ಮತ್ತು ಕಚೇರಿಗಳ ಕಂಬಕ್ಕಾದರೂ ಮಾನಕದ ಗುರುತಿರುವ ಖಾದಿ ಧ್ವಜವನ್ನೇ ಕೊಳ್ಳುವುದು ಯೋಗ್ಯ.

ಪ್ರಶ್ನೆ: ನನ್ನ ಕಾರಿನ ಮುಂದೆ ಧ್ವಜ ಕಟ್ಟಬಹುದೇ?
— ವ್ಯಾಪಾರಿ, ಬಳ್ಳಾರಿ

ಉತ್ತರ: ಇಲ್ಲ. ಮೋಟಾರು ವಾಹನದ ಮೇಲೆ ಧ್ವಜ ಹಾರಿಸುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಮೊದಲಾಗಿ ಸಂಹಿತೆಯಲ್ಲಿ ಹೆಸರಿಸಿದವರಿಗೆ ಮಾತ್ರ ಉಂಟು. ಬಾನೆಟ್ಟಿನ ಮೇಲೆ ಹೊದಿಸುವುದು ಯಾರಿಗೂ ಸಲ್ಲದು.